ಕೆಂಪು ಬೆನ್ನಿನ ರಿಜಿಸ್ಟರು

1996ರಲ್ಲಿ ಮಿರಜ ಸ್ಟೇಷನ್ ರಸ್ತೆಯ ನನ್ನ ಬೈಂಡಿಂಗ್ ಅಂಗಡಿಗೆ ಮೂವತ್ತು ವರ್ಷ ತುಂಬಿತ್ತು. ಐದನೇ ಇಯತ್ತೆಗೆ ಶಾಲೆ ಬಿಟ್ಟು ಸೂಜಿ ಹಿಡಿದವನು ನಾನು. ಮಿರಜ, ಸಾಂಗಲಿಯ ಎಷ್ಟೋ ಕಚೇರಿ, ಶಾಲೆಗಳ ರಿಜಿಸ್ಟರುಗಳು ನನ್ನ ಕೈಯಿಂದ ಹೋಗಿವೆ. ಒಂದೂ ಬಿಚ್ಚಿಕೊಂಡು ಮರಳಿ ಬಂದಿಲ್ಲ. ನೀರಲ್ಲಿ ಹಾಕಿದರೂ ನನ್ನ ರಟ್ಟು ಬಿಡುವುದಿಲ್ಲ ಎಂದು ಗಿರಾಕಿಗಳಿಗೆ ನಾನೇ ಹೇಳುತ್ತಿದ್ದೆ. ಜಂಬ ಅಂದರೆ ಜಂಬ, ಸುಳ್ಳಂತೂ ಅಲ್ಲ.

ಆಗ ಊರಲ್ಲಿ ಹಳೆಯ ವಾಡೆಗಳು ಒಂದೊಂದಾಗಿ ಬಿದ್ದು ಕಾಂಪ್ಲೆಕ್ಸ್‌ಗಳು ಏಳುತ್ತಿದ್ದವು. ನಮ್ಮ ಕನ್ನಡ ವಾಚನಾಲಯದ ಹಂಚಿನ ಮನೆಯೂ ಹೋಗಿ, ಹೊಸ ಕಟ್ಟಡದ ಮೊದಲ ಮಹಡಿಯಲ್ಲಿ ಜಾಗ ಸಿಕ್ಕಿತ್ತು. ಅದರಲ್ಲೊಂದು ಕೋಣೆಯನ್ನು ಹಳೆಯ ದಾಖಲೆಗಳ ದಫ್ತರಕ್ಕೆಂದೇ ಇಟ್ಟರು. ಈ ಭಾಗದಲ್ಲಿ ಹೆಸರು ಮಾಡಿದ ಮಂದಿ, ಅವರು ಕಟ್ಟಿದ ಸಂಸ್ಥೆಗಳು, ಅವರ ಪತ್ರ, ಫೋಟೊ, ಠರಾವು, ಎಲ್ಲವನ್ನೂ ಜೋಡಿಸಿ ಹನ್ನೊಂದು ಸಂಪುಟ ಮಾಡುವ ಕೆಲಸ. ಜೋಡಿಸಿದವರು ಕಾರ್ಯದರ್ಶಿ ಚೌಗುಲೆ ಸರ್, ಕಸಬೆ ಡಿಗ್ರಜದ ನಿವೃತ್ತ ಮಾಸ್ತರರು. ಹೊಲಿಯುವವನು ನಾನು. ಉದ್ಘಾಟನೆ ಭಾನುವಾರ.

ಬುಧವಾರ ಮುಂಜಾನೆ ಮೊದಲ ಸಂಪುಟಕ್ಕೆ ಹೊಲಿಗೆ ಹಾಕಲು ಕುಳಿತಿದ್ದೆ. ಅದು ವಾಚನಾಲಯ ಹುಟ್ಟಿದ ಕಥೆಯದೇ ಸಂಪುಟ. ಚೌಗುಲೆ ಸರ್ ಪುಟಗಳ ಅನುಕ್ರಮ ನೋಡುತ್ತಿದ್ದರು. ಬುಧಗಾಂವದ ಬಸ್ಸಿಳಿದು ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಅಂಗಡಿಗೆ ಬಂದರು. ಹೆಸರು ಶಾಂತಕ್ಕ.

"ಸರ, ಇದರಾಗ ನಮ್ಮವ್ವ ಗಂಗವ್ವ ಎಲ್ಲಿ ಅದಾಳ?"

ಸಂಪುಟದ ಪ್ರಕಾರ ವಾಚನಾಲಯ ಸ್ಥಾಪಿಸಿದವರು ಜಾಗ ದಾನ ಕೊಟ್ಟ ಒಬ್ಬ ಧಾನ್ಯದ ವ್ಯಾಪಾರಿ. ಶಾಂತಕ್ಕನ ಮಾತು ಬೇರೆ. ಜಾಗ ಸಿಗುವುದಕ್ಕೆ ಎಷ್ಟೋ ವರ್ಷ ಮೊದಲೇ, ಸ್ಟೇಷನ್ ಹತ್ತಿರ ರೈಲ್ವೆ ಮಂದಿಗೆ ಖಾನಾವಳಿ ನಡೆಸುತ್ತಿದ್ದ ಗಂಗವ್ವ ತನ್ನ ಪಡಸಾಲೆಯಲ್ಲಿ ಪುಸ್ತಕ ಇಟ್ಟು ಎರವಲು ಕೊಡುತ್ತಿದ್ದಳಂತೆ.

ಚೌಗುಲೆ ಸರ್ ಕನ್ನಡಕ ತೆಗೆದರು. "ಬಾಯಿಮಾತು ನಾನೂ ಕೇಳೇನಿ ಅಕ್ಕಾರ. ಆದ್ರ ಕಾಗದ ಇಲ್ಲದ್ದು ದಫ್ತರಕ್ಕ ಹೋಗೂದಿಲ್ಲ. ಇವತ್ತ ನಿಮ್ಮವ್ವ ಅಂತ ಬರಕೊಂಡ್ರ, ನಾಳೆ ಇನ್ನೊಬ್ರು ನಮ್ಮಜ್ಜ ಅಂತ ಬರ್ತಾರ."

"ಕಾಗದ ಇತ್ರಿ. ಯಾರು ಯಾವ ಪುಸ್ತಕ ಒಯ್ದ್ರು, ಎಲ್ಲಾ ಬರದಿಡ್ತಿದ್ಲು. ಹಂಚಿನ ಮನಿ ಆದ ಮ್ಯಾಲೆ ವಾಚನಾಲಯಕ್ಕಽ ಒಯ್ದು ಕೊಟ್ಟಾಳ."

"ಕಪಾಟು ಕಪಾಟು ಹುಡುಕೇವಿ. ಅಂಥಾ ಹಾಳಿ ಒಂದೂ ಸಿಕ್ಕಿಲ್ಲ."

"ಪೆನ್ಸಿಲ್ಲಿನಾಗ ಬರೀತಿದ್ಲರಿ. ಹಿಟ್ಟಿನ ಕೈಯಾಗ ಶಾಯಿ ದೌತಿ ಯಾರು ಹಿಡೀತಾರ?"

ಪೆನ್ಸಿಲ್ ಅಂದ ಕೂಡಲೇ ನನ್ನ ಸೂಜಿ ನಿಂತಿತು.

ಅಂಗಡಿ ತೆರೆದ ವರ್ಷ ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದೇ ವಾಚನಾಲಯದ ಸದಸ್ಯರ ರಿಜಿಸ್ಟರು. ಆಗ ದಪ್ಪ ರಟ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ರದ್ದಿ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿಟ್ಟು, ನಾವೇ ರಟ್ಟು ಮಾಡಿಕೊಳ್ಳುತ್ತಿದ್ದೆವು. ಅಂದಿನ ಗುಮಾಸ್ತ ಒಂದು ಗಂಟು ಕಾಗದ ಕೊಟ್ಟು, "ಬೇಕಾದ್ದು ಹೊಲಿ, ಬ್ಯಾಡಾದ್ದು ನೀನಽ ಬಳಸು" ಅಂದಿದ್ದ. ಯಾವುದು ಬೇಕಾದ್ದು ಎಂದು ನಾನು ಓದಿ ನೋಡಲಿಲ್ಲ. ನಮ್ಮ ಕಸುಬಿನಲ್ಲಿ ಲೆಕ್ಕ ಸರಳ: ಶಾಯಿ ಅಂದರೆ ಪಕ್ಕಾ, ಪೆನ್ಸಿಲ್ ಅಂದರೆ ಕಚ್ಚಾ. ಪೆನ್ಸಿಲ್ ಹಾಳೆಗಳೆಲ್ಲ ರಟ್ಟಿಗೆ ಹೋದವು. ಮೇಲೆ ಕೆಂಪು ಬಟ್ಟೆಯ ಬೆನ್ನು ಹಚ್ಚಿದೆ. ಆ ರಿಜಿಸ್ಟರು ಎಷ್ಟು ಚೆಂದ ಬಂತೆಂದರೆ, ತುಂಬಿದ ಮೇಲೂ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಹೊಸ ಗಿರಾಕಿ ಬಂದರೆ, ಹೋಗಿ ಅದನ್ನು ನೋಡಿ ಬರ್ರಿ ಎಂದು ನಾನೇ ಕಳಿಸುತ್ತಿದ್ದೆ.

ರಟ್ಟಿನೊಳಗೆ ಏನಿದೆ ಎಂಬುದು ಕಟ್ಟಿದವನಿಗೆ ಮಾತ್ರ ಗೊತ್ತು. ನಾನು ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ. ಶಾಂತಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಎದುರಿಗೆ ಸ್ಥಾಪಕರ ಪುಟ ಇತ್ತು. ನಾಲ್ಕು ಹೊಲಿಗೆ ಹಾಕಿದರೆ ಆ ಮಾತು ಕಾಯಂ.

"ಕುಂದ್ರಿ ಅಕ್ಕಾರ," ಅಂದೆ. "ನಿಮ್ಮವ್ವನ ಹಾಳಿ ಕಳದಿಲ್ಲ. ನಾನಽ ಅಂಟಿಸೇನಿ."

ಎಲ್ಲ ಹೇಳಿದೆ. ಚೌಗುಲೆ ಸರ್ ನನ್ನನ್ನೇ ನೋಡಿದರು. "ನೀರಾಗ ಹಾಕಿದ್ರೂ ಬಿಡೂದಿಲ್ಲ ಅಂತ ಊರೆಲ್ಲಾ ಹೇಳ್ಕೋತ ಬಂದೀಯಲ್ಲೋ ಭರಮಣ್ಣಾ?"

"ಈಗ ಅದಽ ಚಿಂತಿ ಆಗೇತ್ರಿ ಸರ."

ಶನಿವಾರ ಮಧ್ಯಾಹ್ನದೊಳಗೆ ಹಾಳೆ ಸಿಕ್ಕರೆ ಪುಟ ಬದಲಾಗುತ್ತದೆ, ಇಲ್ಲದಿದ್ದರೆ ಇದ್ದ ಹಾಗೇ ಹೊಲಿಯುವುದು ಎಂದು ಠರಾಯಿಸಿದೆವು. ಗುರುವಾರ ಬೆಳಿಗ್ಗೆ ನನ್ನ ಕೈಯಾರೆ ಕೆಂಪು ಬೆನ್ನು ಕೊಯ್ದೆ. ಮೂವತ್ತು ವರ್ಷದ ಹೊಲಿಗೆಯ ಒಂದು ಎಳೆಯೂ ಸಡಿಲಾಗಿರಲಿಲ್ಲ. ಅದನ್ನು ನೋಡಿ ಸಂತೋಷಪಡಬೇಕೋ ಬೈದುಕೊಳ್ಳಬೇಕೋ ತಿಳಿಯಲಿಲ್ಲ. ಎರಡೂ ರಟ್ಟುಗಳನ್ನು ಬೇರೆ ಮಾಡಿ, ಹೆಂಡತಿಯ ದೊಡ್ಡ ಪರಾತದಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಮುಳುಗಿಸಿದೆ. "ಭಾಕ್ರಿ ಹಿಟ್ಟು ಇನ್ನ ಎದರಾಗ ನಾದ್ಲಿ? ನಿಮ್ಮ ರಟ್ಟಿನ ಮ್ಯಾಲೇನು?" ಎಂದಳು ಆಕೆ.

ಸಂಜೆಯಾದರೂ ರಟ್ಟು ಕಲ್ಲಿನಂತಿತ್ತು. ಹುಳ ಹತ್ತದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಕಾಸುತ್ತಿದ್ದೆ; ಆ ಅಂಟು ಈಗ ನನ್ನ ಮೇಲೇ ಹಟ ಸಾಧಿಸುತ್ತಿತ್ತು. ನೀರು ಬದಲಿಸಿದೆ, ಮತ್ತೆ ಬದಲಿಸಿದೆ. ಶುಕ್ರವಾರ ಮಧ್ಯಾಹ್ನ ಒಂದು ಮೂಲೆ ಮೆತ್ತಗಾಯಿತು. ಬಿದಿರಿನ ತೆಳು ಸೀಳು ತೂರಿಸಿ, ಉಸಿರು ಬಿಗಿಹಿಡಿದು ಪದರ ಎಬ್ಬಿಸಿದೆ. ಮೊದಲ ಹಾಳೆ ಶಾಯಿಯದು, ಅಂಗಡಿಯ ರದ್ದಿಯಲ್ಲಿದ್ದ ಯಾವುದೋ ಜಾಹೀರಾತಿನ ಕರಡು. ನೀಲಿ ನೀರಾಗಿ ಹರಿದುಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದು ಪೆನ್ಸಿಲ್. ಸೀಸದ ಗೆರೆ ನೀರಿಗೆ ಅಲುಗಿರಲಿಲ್ಲ.

ಶನಿವಾರ ಬೆಳಿಗ್ಗೆಯ ಹೊತ್ತಿಗೆ ಅಂಥ ಐದು ಹಾಳೆ ಹಳೆ ಪೇಪರಿನ ನಡುವೆ ಒಣಗಿದ್ದವು. ಶಾಂತಕ್ಕನನ್ನು ಕರೆಸಿದೆವು. ಚೌಗುಲೆ ಸರ್ ಗಟ್ಟಿಯಾಗಿ ಓದಿದರು: "ಪಡಸಾಲಿ ವಾಚನಾಲಯ, ಗಂಗವ್ವನ ಖಾನಾವಳಿ. ಇಂದಿನಿಂದ ಹನ್ನೆರಡು ಪುಸ್ತಕ. ಉಂಡ ಕೈ ತೊಳೆದು ಮುಟ್ಟತಕ್ಕದ್ದು." ಕೆಳಗೆ ಹೆಸರುಗಳು. "ಗ್ಯಾಂಗ್‌ಮನ್ ಲಾಲಸಾಬ, ಒಂದು ಪುಸ್ತಕ. ಸಾರಿನ ಕಲೆ ಮಾಡಿ ತಂದ. ಮತ್ತೆ ಕೊಟ್ಟಿದೆ." ವ್ಯಾಪಾರಿಯ ಹೆಸರೂ ಇತ್ತು, ಪುಸ್ತಕ ಒಯ್ದವರ ಪಟ್ಟಿಯಲ್ಲಿ. ಅದನ್ನು ಸರ್ ಎರಡು ಸಲ ಓದಿದರು. ಆಮೇಲೆ ಸ್ಥಾಪಕರ ಪುಟ ತೆಗೆದು, ಗಂಗವ್ವನ ಹೆಸರು ಬರೆದು, ವ್ಯಾಪಾರಿಯನ್ನು ಸ್ಥಳದಾನಿಗಳ ಪುಟದಲ್ಲಿ ಮೊದಲಿಗೆ ಇಟ್ಟರು.

ನಾನು ಶಾಂತಕ್ಕನ ಮುಂದೆ ಕೈ ಜೋಡಿಸಿದೆ. "ತಪ್ಪಾತ್ರಿ."

ಅವರು ಹಾಳೆಯ ಮೇಲಿನ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದರು. "ನಿಮ್ಮ ರಟ್ಟಿನಾಗ ಇದ್ದಕ್ಕ ಉಳದಾವ್ರಿ ಅಣ್ಣಾ. ನಮ್ಮ ಮನಿಯಾಗ ಇದ್ದಿದ್ರ ನಾನಽ ಒಲಿಗೆ ಹಾಕ್ತಿದ್ದೆ."

ಅಂದೇ ಐದೂ ಹಾಳೆಗಳನ್ನು ಮೊದಲ ಸಂಪುಟಕ್ಕೆ ಸೇರಿಸಿ ಹೊಲಿದೆ. ಅವು ಎಲ್ಲಿ ಸಿಕ್ಕವು ಎಂದು ಕೊನೆಯ ಪುಟದಲ್ಲಿ ದಾಖಲೆ ಬೇಕು, ನೀನೇ ಬರೆ ಎಂದು ಚೌಗುಲೆ ಸರ್ ತಮ್ಮ ಶಾಯಿ ಪೆನ್ನು ಚಾಚಿದರು. ಕಾಗದದ ಬೆಲೆಯನ್ನು ಬರೆದ ಸಾಮಾನಿನಿಂದ ಅಳೆಯಬಾರದು. ಕಸುಬು ನನಗೆ ಇದನ್ನು ಕಲಿಸಲು ಮೂವತ್ತು ವರ್ಷ ತೆಗೆದುಕೊಂಡಿತು. ಪೆನ್ನು ಬೇಡವೆಂದೆ. ಗುರುತು ಹಾಕುವ ಪೆನ್ಸಿಲ್ ಕಿವಿಯ ಮೇಲೇ ಇತ್ತು. ಅದರಲ್ಲೇ ಬರೆದೆ: "ಈ ಹಾಳೆಗಳನ್ನು ಓದದೆ ರಟ್ಟಿಗೆ ಹಾಕಿದವನು ನಾನೇ. ತೆಗೆದವನೂ ನಾನೇ. ಭರಮಣ್ಣ, ಬೈಂಡರ್."