ತೆಪಾಯೆರು ಅಜ್ಜಿಯ ಹಣ್ಣಿನ ಲೋಟ

ಸೋಮವಾರ ಐತುತಾಕಿ ದ್ವೀಪದ ಚಿಕಿತ್ಸಾಲಯದಲ್ಲಿ ತೆಪಾಯೆರು ಅಜ್ಜಿ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ನಲವತ್ತೊಂದು ಕಿಲೋಗೆ ಬಂದು ನಿಂತಿತು. ಹೋದ ತಿಂಗಳು ನಲವತ್ತೈದಿತ್ತು. ನರ್ಸ್ ಅಕೈತಿ ಎರಡು ಸಲ ನೋಡಿ, ಅಜ್ಜಿಯ ಸೊಸೆ ತುವಾಯಿನೆಯನ್ನು ಬಾಗಿಲಾಚೆ ಕರೆದಳು.

“ಮುಂದಿನ ಸೋಮವಾರ ಇನ್ನೂ ಇಳಿದಿದ್ರೆ ನಾನು ಸುಮ್ನಿರೋಕಾಗಲ್ಲ ಕಣೆ. ವಿಮಾನ ಹತ್ತಿಸಿ ರಾರೊಟೊಂಗಾದ ದೊಡ್ಡ ಆಸ್ಪತ್ರೆಗೆ ಕಳಿಸ್ಲೇಬೇಕು.”

“ನನ್ನ ಮುಂದೇನೇ ಹೇಳು, ಕಿವಿ ನೆಟ್ಟಗಿದೆ!” ಒಳಗಿನಿಂದ ಅಜ್ಜಿ ಕೂಗಿದಳು. “ಐತುತಾಕಿ ಬಿಟ್ಟು ನಾನೆಲ್ಲಿಗೂ ಬರಲ್ಲ. ಬೇಕಾದ್ರೆ ಇಲ್ಲೇ ಹೂತ್ಹಾಕಿ.”

ಜ್ವರ ಬಂದು ಹೋದ ಮೇಲೆ ಅಜ್ಜಿಯ ವಸಡು ಹುಣ್ಣಾಗಿತ್ತು. ಮೀನಾಗಲಿ, ಬೇಯಿಸಿದ ಗೆಡ್ಡೆಯಾಗಲಿ ಅಗಿಯಲು ಆಗುತ್ತಿರಲಿಲ್ಲ. ತಣ್ಣಗಿರುವ, ಅಗಿಯಬೇಕಿಲ್ಲದ, ಆದರೆ ಮೈಗೆ ಹಿಡಿಯುವಂಥದ್ದು ಏನಾದರೂ ಕೊಡು ಎಂದು ಅಕೈತಿ ಹೇಳಿದ್ದಳು. ಹಣ್ಣಿನ ಸ್ಮೂದಿ ಮಾಡುವ ಯೋಚನೆ ತುವಾಯಿನೆಗೆ ಬಂದದ್ದು ಹಾಗೆ.

ಆ ಸಂಜೆಯೇ ಅವಳು ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣುಗಳನ್ನು ಸುಲಿದು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದಳು. ಪಪ್ಪಾಯಿಯ ಬೀಜ ತೆಗೆದು ಹೋಳು ಮಾಡಿದಳು. ಒಂದಕ್ಕೊಂದು ಅಂಟದ ಹಾಗೆ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಟ್ಟಳು. ಹಣ್ಣೇ ಕಲ್ಲಿನಂತೆ ಗಟ್ಟಿಯಾದರೆ ಬೇರೆ ಮಂಜುಗಡ್ಡೆ ಬೇಡ, ರುಚಿ ನೀರಾಗುವುದೂ ಇಲ್ಲ. ಬೆಳಿಗ್ಗೆ ಎಳನೀರು, ಅದರ ಎಳೆಯ ತಿರುಳು, ಎರಡು ಚಮಚ ಹಾಲಿನ ಪುಡಿ ಸೇರಿಸಿ ಮಿಕ್ಸಿಯಲ್ಲಿ ತಿರುವಿದಾಗ ಕೇಸರಿ ಬಣ್ಣದ, ಚಮಚದಿಂದ ನಿಧಾನವಾಗಿ ಜಾರುವ ಸ್ಮೂದಿ ಸಿದ್ಧವಾಯಿತು. ಸಕ್ಕರೆ ಹಾಕಲಿಲ್ಲ. ಒಂದೇ ಲೋಟ, ತುಂಬಿ ತುಳುಕುವಂತೆ.

ಅವಳ ತಪ್ಪು ಅದೇ ಆಗಿತ್ತು.

ಜಗಲಿಯಲ್ಲಿ ಕೂತ ಅಜ್ಜಿ ಲೋಟ ಕೈಗೆತ್ತಿಕೊಂಡಳೋ ಇಲ್ಲವೋ, ಪಕ್ಕದ ಮನೆಯ ಇಯೋವಾನೆ ಬಲೆ ಹೊತ್ತು ರಸ್ತೆಯಲ್ಲಿ ಹೋಗುತ್ತಿದ್ದ. ದಾರಿಯಲ್ಲಿ ಹೋಗುವವರನ್ನು ಊಟಕ್ಕೆ ಕರೆಯದೆ ಆ ಊರಿನಲ್ಲಿ ಯಾರೂ ಬಾಯಿಗೆ ತುತ್ತಿಡುವುದಿಲ್ಲ.

“ಬಾರೋ ಇಯೋವಾನೆ, ಕುಡಿದು ಹೋಗು!”

“ನಿಮಗೆ ಅಂತ ಮಾಡಿದ್ದಲ್ವಾ ಅಜ್ಜಿ?”

“ನಿನ್ನ ಹೊಟ್ಟೆ ನೋಡಿದ್ರೆ ನಿನಗೇ ಅಂತ ಮಾಡಿದ ಹಾಗಿದೆ. ಕೂತ್ಕೋ.”

ಅವನು ಕುಡಿದ, ಮೀಸೆ ಒರೆಸಿಕೊಂಡ, ಚೆನ್ನಾಗಿದೆ ಎಂದು ತುವಾಯಿನೆಯನ್ನು ಹೊಗಳಿದ. ಅವಳು ನಗಲೇಬೇಕಾಯಿತು.

ಬುಧವಾರ ಮೂರು ಲೋಟ ಮಾಡಿದಳು. ಮೂರು ಜನ ಬಂದರು. ಗುರುವಾರ ಅತ್ತೆಯನ್ನು ಒಳಗೆ ಕೂರಿಸಿ ಬಾಗಿಲು ಮುಂದೆ ಮಾಡಿದಳು. ಅಜ್ಜಿ ಲೋಟವನ್ನು ಪಕ್ಕಕ್ಕೆ ಸರಿಸಿ, “ಬಾಗಿಲು ಹಾಕ್ಕೊಂಡು ಕುಡಿಯೋಕೆ ನಾನೇನು ಕದ್ದು ತಂದಿದೀನಾ?” ಎಂದಳು. ಸ್ಮೂದಿ ಕರಗಿ ನೀರಾಗಿ ಹೋಯಿತು. ತುವಾಯಿನೆ ಆ ರಾತ್ರಿ ಅತ್ತೆಯ ಮುಂಗೈ ಹಿಡಿದು ನೋಡಿದಳು. ತನ್ನ ಹೆಬ್ಬೆರಳೂ ತೋರುಬೆರಳೂ ಅದನ್ನು ಸುತ್ತಿ ಬಂದು ಒಂದಕ್ಕೊಂದು ತಗುಲಿದವು.

ಶುಕ್ರವಾರ ಬೆಳಿಗ್ಗೆ ಅವಳ ಗಮನ ನೆಟ್ಟಗಿರಲಿಲ್ಲ. ಎಳನೀರು ಹಾಕುವುದನ್ನು ಮರೆತು ಬರೀ ಹೆಪ್ಪುಗಟ್ಟಿದ ಹೋಳುಗಳನ್ನೇ ಮಿಕ್ಸಿಗೆ ಸುರಿದಳು. ಬ್ಲೇಡು ಕರಕರ ಕಿರುಚಿ ನಿಂತಿತು. ಕೋಲೂರಿಕೊಂಡು ಅಜ್ಜಿ ಅಡುಗೆಮನೆಗೆ ಬಂದಳು.

“ಏನೇ ಅದು, ಹಂದಿ ಕೊಯ್ತಿದೀಯಾ? ಮೊದಲು ನೀರು, ಆಮೇಲೆ ಹಣ್ಣು. ಮೆಲ್ಲಗೆ ಶುರು ಮಾಡು. ಸರಿ, ಸರಿ ಆ ಕಡೆ.”

ಎಳನೀರು ಸುರಿದು, ಮುಚ್ಚಳ ಒತ್ತಿ ಹಿಡಿದು ತಾನೇ ತಿರುವಿದಳು. ಬಳಿಕ ಚಮಚ ಅದ್ದಿ ಬಾಯಿಗಿಟ್ಟಳು. “ಸಪ್ಪೆ. ನಿಂಬೆ ಹಿಂಡು.” ಮತ್ತೊಂದು ಚಮಚ. “ಹೂಂ. ಇನ್ನೊಂದು ನಾಲ್ಕು ಹನಿ.” ಮತ್ತೊಂದು.

ತುವಾಯಿನೆ ನಿಂಬೆಹೋಳು ಹಿಡಿದು ನೋಡುತ್ತಲೇ ನಿಂತಳು. ಅತ್ತೆ ನುಂಗುತ್ತಿದ್ದಳು. ನಲವತ್ತು ವರ್ಷ ಚರ್ಚಿನ ಹಬ್ಬದೂಟಕ್ಕೆ ಸೌಟು ಹಿಡಿದವಳು ಅವಳು. ಬೇಯಿಸುವ ಹೆಂಗಸರು ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಆದರೆ ರುಚಿ ನೋಡದೆ ಯಾವ ಪಾತ್ರೆಯೂ ಹೊರಗೆ ಹೋಗುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಊಟವಲ್ಲ, ಕೆಲಸ.

ಅಂದು ಮಧ್ಯಾಹ್ನ ತುವಾಯಿನೆ ಬೇಕೆಂದೇ ನಿಂಬೆ ಹೆಚ್ಚು ಹಿಂಡಿದಳು. “ಅತ್ತೆ, ಸ್ವಲ್ಪ ನೋಡ್ತೀರಾ?” ಅಜ್ಜಿ ನೋಡಿದಳು, ಮುಖ ಸಿಂಡರಿಸಿದಳು, ಬಾಳೆ ಹಾಕಿಸಿದಳು, ಮತ್ತೆ ನೋಡಿದಳು. ಸಂಜೆ ಹಾಲಿನ ಪುಡಿ ಗಂಟಾಯಿತು. ಶನಿವಾರ ಬೆಳಿಗ್ಗೆ ತೀರಾ ಗಟ್ಟಿಯಾಯಿತು, ಮಧ್ಯಾಹ್ನ ತೀರಾ ನೀರಾಯಿತು. ತುವಾಯಿನೆ ಚಮಚ ಎತ್ತಿಟ್ಟು ಸೌಟು ಕೊಟ್ಟಿದ್ದಳು.

ಶನಿವಾರ ಸಂಜೆ ಅಜ್ಜಿ ಸೌಟನ್ನು ಕೆಳಗಿಟ್ಟಳು.

“ಎರಡು ದಿನದಿಂದ ಬರೀ ತಪ್ಪು. ಅಷ್ಟು ದಡ್ಡೀನ ನನ್ನ ಮಗ ಕಟ್ಕೊಂಡು ಬಂದಿಲ್ಲ.”

ತುವಾಯಿನೆಯ ಕಿವಿ ಬಿಸಿಯಾಯಿತು. “ಯಾವಾಗ ಗೊತ್ತಾಯ್ತು ಅತ್ತೆ?”

“ನಿನ್ನೆ ಮಧ್ಯಾಹ್ನಾನೇ.”

“ಮತ್ಯಾಕೆ ಕುಡಿದ್ರಿ?”

ಅಜ್ಜಿ ಮಿಕ್ಸಿಯ ಅಂಚಿಗೆ ಅಂಟಿದ್ದ ಪಪ್ಪಾಯಿಯನ್ನು ಬೆರಳಿನಿಂದ ಬಳಿದಳು.

“ನೀನು ಅಳೋ ಮುಖ ಇಟ್ಕೊಂಡು ನಿಂಬೆ ಹಿಂಡ್ತಿದ್ದೆ. ನೋಡೋಕಾಗ್ಲಿಲ್ಲ,” ಎಂದಳು. ಆಮೇಲೆ ದನಿ ಸಣ್ಣದು ಮಾಡಿ, “ಒಬ್ಬಳೇ ಕೂತು ಕುಡಿಯೋಕೆ ನಂಗೆ ಬರಲ್ಲ ಕಣೆ. ಯಾರೂ ಕಲಿಸಿಲ್ಲ.”

ತುವಾಯಿನೆ ಇನ್ನೊಂದು ಸೌಟು ತಂದಳು. ಇಬ್ಬರೂ ಒಲೆಯ ಪಕ್ಕದಲ್ಲಿ ನಿಂತುಕೊಂಡೇ, ಒಂದೇ ಪಾತ್ರೆಯಿಂದ, ತಳ ಕಾಣುವವರೆಗೂ ರುಚಿ ನೋಡಿದರು.

ಸೋಮವಾರ ಅಕೈತಿ ಮುಳ್ಳಿನ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು. “ನಲವತ್ತೊಂದೇ. ಏರಿಲ್ಲ. ಆದ್ರೆ ಇಳಿದೂ ಇಲ್ಲ. ವಿಮಾನ ಬೇಡ ಬಿಡಿ, ಇನ್ನೊಂದು ವಾರ ನೋಡೋಣ.”

ಇಳಿಸಲು ತುವಾಯಿನೆ ಕೈ ಚಾಚಿದಳು.

“ಬಿಡೇ, ಇಳಿಯೋಕೆ ಬರುತ್ತೆ ನಂಗೆ,” ಎಂದು ಅಜ್ಜಿ ಗದರಿದಳು. ಆದರೆ ಹಿಡಿದ ಕೈಯನ್ನು ರಸ್ತೆ ಮುಟ್ಟುವವರೆಗೂ ಬಿಡಲಿಲ್ಲ.