ಗಡಿಯಾರದಣ್ಣನೂ ತಂಗಿಯ ಬಾತುಗಳೂ

ಗಡಿಯಾರದಣ್ಣನಿಗೆ ಈ ಲೋಕದಲ್ಲಿ ಶತ್ರುಗಳು ಅಂತ ಇದ್ದದ್ದು ಏಳು, ಅದರಲ್ಲಿ ಆರಕ್ಕೆ ರೆಕ್ಕೆ ಇತ್ತು. ಏಳನೆಯವಳು ಅವನ ಒಡಹುಟ್ಟಿದ ತಂಗಿ. ಆ ಆರನ್ನೂ ಸಾಕಿದವಳು ಅವಳೇ.

ಅಪ್ಪನ ಮನೆ ಪಾಲಾದಾಗ ಗಡಿಯಾರ ರಿಪೇರಿ ಅಂಗಡಿಯಿದ್ದ ಎಡಭಾಗ ಅಣ್ಣನಿಗೆ ಬಂತು, ಬಲಭಾಗವೂ ಹಿತ್ತಲೂ ತಂಗಿಗೆ. ಅಂಗಡಿಯ ಕೆಲಸದ ಮೇಜು ಮಾತ್ರ ಹಿತ್ತಲ ಕಿಟಕಿಗೆ ಅಂಟಿಕೊಂಡೇ ಉಳಿಯಿತು. ಬೆಳಕು ಚೆನ್ನಾಗಿದೆಯೆಂದು ಅಪ್ಪನೇ ಅಲ್ಲಿ ಹಾಕಿಸಿದ್ದ ಮೇಜು, ಕದಲಿಸಲು ಅಣ್ಣನಿಗೆ ಮನಸ್ಸಿರಲಿಲ್ಲ. ತಂಗಿ ಬೇಕರಿಗೆ ಮೊಟ್ಟೆ ಮಾರಲು ಬಾತುಗಳನ್ನು ತಂದಳು, ತಂದವಳು ನೀರಿನ ತೊಟ್ಟಿಯನ್ನು ಆ ಕಿಟಕಿಯ ಕೆಳಗೇ ಇಟ್ಟಳು. ಹಿತ್ತಲು ನಂದು, ಎಲ್ಲಿ ಬೇಕಾದರೂ ಇಡ್ತೀನಿ ಅಂದಳು.

ಅಬ್ಬಬ್ಬಾ, ಆ ಗಲಾಟೆ! ಬಕೆಟ್ ಕಂಡರೆ ಕಿರುಚು, ಬಕೆಟ್ ಕಾಣದಿದ್ದರೆ ಕಿರುಚು. ಅವುಗಳಲ್ಲಿ ದಪ್ಪನೆಯ ಹೆಣ್ಣು ಬಾತೊಂದಿತ್ತು, ಅದಕ್ಕೆ ಅಣ್ಣ ಹೆಡ್‌ಮಿಸ್ಸು ಅಂತ ಹೆಸರಿಟ್ಟಿದ್ದ. ಅದರ ಮೊದಲ ಕೂಗು ಜೋರು, ಆಮೇಲಿನವು ಒಂದೊಂದಾಗಿ ಇಳಿಯುತ್ತ ಬರುತ್ತಿದ್ದವು, ಥೇಟ್ ಯಾರೋ ನೋಡಿ ನಗಾಡಿದ ಹಾಗೆ. ಅಣ್ಣನ ಕೈಯಿಂದ ಒಂದು ಸಣ್ಣ ಸ್ಕ್ರೂ ಜಾರಿದರೆ ಸಾಕು, ಹೊರಗೆ ಹೆಡ್‌ಮಿಸ್ಸು ನಗುತ್ತಿತ್ತು. ಅವನು ಕಿಟಕಿಗೆ ಹಲಗೆ ಹೊಡೆದ, ಗೋಣಿ ಕಟ್ಟಿದ, ಕೊನೆಗೆ ಬಾತುಗಳ ಬಾಯಿ ಮುಚ್ಚಿಸಲಾಗದೆ ರೇಡಿಯೊವನ್ನೇ ಜೋರು ಮಾಡಿ ಕೂತ. ರೇಡಿಯೊ ಬೀದಿ ತುದಿಯವರೆಗೆ ಕೇಳುತ್ತಿತ್ತು. ಅದಕ್ಕೂ ಬಾತುಗಳೇ ಕಾರಣ ಅಂದ.

ಜಗಳಕ್ಕೆ ಬಾತುಗಳೇ ಮೂಲ ಅನ್ನುವುದು ಅಣ್ಣನ ವಾದ. ತಂಗಿಯನ್ನು ಕೇಳಿದರೆ ಅಣ್ಣನ ಸೊಕ್ಕು ಅನ್ನುತ್ತಿದ್ದಳು. ಬಾಗಿಲಲ್ಲಿ ನಿಂತು ಕರೆದರೆ ಮಹಾರಾಯ ತಿರುಗಿಯೂ ನೋಡುವುದಿಲ್ಲ. ಹಿಂದೊಮ್ಮೆ ತನಗೆ ಜ್ವರ ಬಂದು ಏಳಲಾಗದೆ ಬಿದ್ದುಕೊಂಡಿದ್ದಾಗ, "ಅಣ್ಣಾ, ಒಂದು ಲೋಟ ನೀರು" ಎಂದು ಗೋಡೆ ಬಡಿದು ಕೂಗಿದ್ದಳಂತೆ. ಗೋಡೆಯಾಚೆ ಅವನು ರೇಡಿಯೊ ಹಾಕಿಕೊಂಡು ಕೂತೇ ಇದ್ದ. ಅವತ್ತೇ ಅವಳು ಅವನನ್ನು ಮನಸ್ಸಿನಿಂದ ಕಿತ್ತು ಹಾಕಿದಳು. ಬಾತುಗಳು ಬಂದದ್ದು ಆಮೇಲೆ. ಮೊಟ್ಟೆ ಒಂದು ನೆಪ, ಅವನ ಪ್ರಾಣ ತಿನ್ನುವುದೇ ಮುಖ್ಯ ಎಂದು ಬೇಕರಿಯವನ ಎದುರು ನಗುತ್ತಲೇ ಹೇಳಿದ್ದಳು.

ಹೀಗಿರುವಾಗ ಲೈಬ್ರರಿಯ ಗಡಿಯಾರ ಮತ್ತೆ ವಾಪಸ್ ಬಂತು.

ಆಳೆತ್ತರದ ಲೋಲಕದ ಗಡಿಯಾರ ಅದು. ಅಪ್ಪನ ಕಾಲದಿಂದಲೂ ಅದರ ರಿಪೇರಿ ಈ ಅಂಗಡಿಯದೇ. ಅಂಥ ಗಡಿಯಾರ ನಿಲ್ಲದೆ ನಡೆಯಬೇಕಾದರೆ ಟಿಕ್ಕಿಗೂ ಟಾಕಿಗೂ ನಡುವಿನ ಬಿಡುವು ಸಮವಾಗಿರಬೇಕು. ಸಮವಿಲ್ಲದಿದ್ದರೆ ಗಡಿಯಾರ ಕುಂಟುತ್ತದೆ, ಕುಂಟಿ ಕುಂಟಿ ನಿಂತುಬಿಡುತ್ತದೆ. ಲೋಲಕವನ್ನು ತಳ್ಳುವ ಕಡ್ಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿ ಅದನ್ನು ಸರಿಮಾಡಬೇಕು, ಅದೂ ಕಿವಿಯಿಂದಲೇ. ಅಪ್ಪ ಮಕ್ಕಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಕಣ್ಣು ಮುಚ್ಚಿಸಿ, ಕುಂಟುತ್ತಿದೆಯೋ ನಡೆಯುತ್ತಿದೆಯೋ ಹೇಳಿ ಎಂದು ಆಟ ಆಡಿಸುತ್ತಿದ್ದ.

ಗಡಿಯಾರ ತಂದ ಲೈಬ್ರರಿಯವರು ಮುಖ ಸಿಂಡರಿಸಿಕೊಂಡೇ ಮಾತಾಡಿದರು. "ಹೋದ ಸಲವೂ ಸರಿಹೋಯ್ತು ಅಂದ್ರಿ, ಅದರ ಹಿಂದಿನ ಸಲವೂ ಅಂದ್ರಿ. ಇನ್ನೊಂದ್ಸಲ ನಿಂತ್ರೆ ಬ್ಯಾಟರಿದು ಹಾಕ್ಕೋತೀವಿ. ಊರಲ್ಲಿ ಬೇರೆಯವರೂ ಹಾಗೇ ಮಾಡ್ತಿದಾರೆ, ನಿಮಗೂ ಗೊತ್ತಲ್ಲ."

ಗೊತ್ತಿತ್ತು. ಗೋಡೆಯ ಮೇಲಿನ ಗಡಿಯಾರಗಳಲ್ಲಿ ಅರ್ಧಕ್ಕರ್ಧ ಹಾಗೆ ವಾಪಸ್ ಬಂದು, ತಕ್ಕೊಂಡು ಹೋಗುವವರಿಲ್ಲದೆ ತೂಗಿಕೊಂಡಿದ್ದವು. ಇದೂ ಹೋದರೆ ಅಪ್ಪನ ಬೋರ್ಡು ಇಳಿಸುವುದೊಂದೇ ಉಳಿದ ಕೆಲಸ. ಅಷ್ಟರಲ್ಲಿ ಹೊರಗೆ ಹೆಡ್‌ಮಿಸ್ಸು ನಕ್ಕಿತು. ಅಣ್ಣ ಕೆಂಡಾಮಂಡಲವಾಗಿ ಹಿತ್ತಲಿಗೆ ನುಗ್ಗಿದ.

"ಅಪ್ಪನ ಅಂಗಡಿ ಮುಚ್ಚೋ ಹಾಗೆ ಮಾಡಿದೀಯಲ್ಲೇ! ಈ ದರಿದ್ರ ಬಾತುಗಳ ಗಲಾಟೇಲಿ ನನಗೆ ಟಿಕ್ ಯಾವುದು ಟಾಕ್ ಯಾವುದು ಒಂದೂ ಕೇಳಲ್ಲ!"

ತಂಗಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅಪ್ಪನ ಹೆಸರು ಎತ್ತಿದ್ದು ಅವಳಿಗೆ ನಾಟಿತು, ಆದರೆ ಬಿಟ್ಟುಕೊಡುವವಳಲ್ಲ. "ಸರಿ," ಎಂದಳು ಅವನ ಮುಖಕ್ಕೇ. "ಇವನ್ನ ಬೇಕರಿಯವನ ಹಿತ್ತಲಿಗೆ ಸಾಗಿಸ್ತೀನಿ. ಆಮೇಲೂ ಗಡಿಯಾರ ನಿಲ್ಲಲಿ, ಯಾರ ತಲೆಗೆ ಕಟ್ತೀಯೋ ನೋಡ್ತೀನಿ."

ಮಧ್ಯಾಹ್ನದ ಹೊತ್ತಿಗೆ ಬುಟ್ಟಿಗಳಲ್ಲಿ ಕೂತು ಬಾತುಗಳು ಹೊರಟವು. ಹೆಡ್‌ಮಿಸ್ಸು ಬೀದಿ ತಿರುಗುವವರೆಗೂ ಬೈದುಕೊಂಡೇ ಹೋಯಿತು. ಅಣ್ಣನಿಗೆ ಹಬ್ಬ. ಕಿಟಕಿಯ ಗೋಣಿ ಕಿತ್ತ, ಹಲಗೆ ತೆಗೆದ, ರೇಡಿಯೊ ಆರಿಸಿದ. ಲೈಬ್ರರಿ ಗಡಿಯಾರವನ್ನು ಗೋಡೆಗೆ ನಿಲ್ಲಿಸಿ ಲೋಲಕ ತಳ್ಳಿ, ಅಪ್ಪ ಹೇಳಿಕೊಟ್ಟಂತೆ ಕಣ್ಣು ಮುಚ್ಚಿದ.

ಏನೂ ಕೇಳಲಿಲ್ಲ.

ನಿಂತೇ ಹೋಯಿತೆಂದು ಸಿಟ್ಟಿನಿಂದ ಕಣ್ಣು ಬಿಟ್ಟ. ಲೋಲಕ ಆಡುತ್ತಿತ್ತು. ಪೆಟ್ಟಿಗೆಗೆ ಕಿವಿ ಒತ್ತಿದ, ಆ ಕಿವಿ ಬಿಟ್ಟು ಈ ಕಿವಿ ಒತ್ತಿದ. ತಲೆ ಎತ್ತಿ ಗೋಡೆ ನೋಡಿದ. ಅಲ್ಲಿದ್ದ ಅಷ್ಟೂ ಲೋಲಕಗಳು ತಮ್ಮ ಪಾಡಿಗೆ ಆ ಕಡೆ ಈ ಕಡೆ ಆಡುತ್ತಿದ್ದವು, ಒಂದರಿಂದಲೂ ಸದ್ದಿಲ್ಲ. ಬೈಯಲು ಹೊರಗೆ ಒಂದು ಬಾತೂ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅವನು ತಂಗಿಯನ್ನು ತಾನಾಗಿ ಕರೆದ. ಅವಳು ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಬಂದಳು.

"ಇದು ನಡೀತಿದೆಯಾ?" ಎಂದ.

"ಕುಂಟ್ತಿದೆ. ಯಾಕೆ, ಈಗ್ಲೂ ಕೇಳ್ಲಿಲ್ವಾ?"

ಅವನು ಗಡಿಯಾರದ ಕಡೆ ತಿರುಗಿದ. ತಂಗಿ ಅವನನ್ನೇ ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, ಅವನಿಗೆ ಬೆನ್ನು ಹಾಕಿ, ಮಾಮೂಲು ದನಿಯಲ್ಲಿ "ಅಣ್ಣಾ, ಒಂದು ಲೋಟ ನೀರು" ಎಂದಳು. ಅವನು ಗಡಿಯಾರವನ್ನೇ ನೋಡುತ್ತ ನಿಂತಿದ್ದ. ಅವಳು ಮತ್ತೆ ಅವನತ್ತ ತಿರುಗಿದಳು.

"ಈಗ ನಾನೇನಂದೆ?"

"ನೀನೇನೂ ಅನ್ಲಿಲ್ವಲ್ಲ."

"ಅವತ್ತು ನಾನು ಜ್ವರದಲ್ಲಿ ಗೋಡೆ ಬಡಿದು ಕೂಗಿದ್ದು?"

"ಯಾವತ್ತು?" ಎಂದ ಅವನು. ನಿಜವಾಗಿಯೂ ಗೊತ್ತಿಲ್ಲದವನ ಮುಖ.

ತಂಗಿ ಅಪ್ಪನ ಸ್ಟೂಲಿನ ಮೇಲೆ ಕೂತಳು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ, ಇನ್ನಷ್ಟು ಸಿಟ್ಟೇ ಬಂತು. ಅಷ್ಟು ವರ್ಷ ಜೋಪಾನವಾಗಿ ಸಾಕಿದ ದ್ವೇಷವನ್ನು ಇವನು ಒಂದೇ ಮಾತಿನಲ್ಲಿ ದಂಡ ಮಾಡಿಬಿಟ್ಟಿದ್ದ. "ಕಿವಿ ಹೋಗಿದೆ ಅಂತ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?" ಎಂದು ಕಿರುಚಿದಳು.

"ನನಗೆ ಗೊತ್ತಿದ್ರಲ್ವೇನೇ!" ಅವನೂ ಕಿರುಚಿದ.

ಕೊನೆಗೆ ತಂಗಿ ಕಣ್ಣು ಮುಚ್ಚಿಕೊಂಡು, "ಹಿಡಿ ಕಡ್ಡೀನ" ಎಂದು ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಎಡಕ್ಕೆ. ಅಷ್ಟೊಂದಲ್ಲ, ಕೋತಿ. ಸ್ವಲ್ಪ ಬಲಕ್ಕೆ. ಹಾಂ, ಬಿಡು. ಸಮ ಆಯ್ತು."

ಅಣ್ಣ ಕೈ ತೆಗೆಯಲಿಲ್ಲ. "ನನ್ನ ಮೇಲಿನ ಸಿಟ್ಟಿಗೆ ಸುಳ್ಳು ಹೇಳ್ತಿಲ್ಲ ತಾನೆ?"

"ಸಿಟ್ಟು ನಿನ್ನ ಮೇಲೆ. ಅಪ್ಪನ ಗಡಿಯಾರ ನನಗೇನು ಮಾಡಿದೆ?"

ಅವನು ಇನ್ನೊಮ್ಮೆ ಪೆಟ್ಟಿಗೆಗೆ ಕಿವಿ ಇಟ್ಟು ನೋಡಿದ. ಇಟ್ಟು ಪ್ರಯೋಜನವಿರಲಿಲ್ಲ. ಪ್ರಪಂಚದಲ್ಲಿ ಯಾರ ಮಾತನ್ನು ನಂಬಬಾರದೆಂದುಕೊಂಡಿದ್ದನೋ ಅವಳ ಮಾತನ್ನೇ ನಂಬಿ ಗಡಿಯಾರದ ಗಾಜಿನ ಬಾಗಿಲು ಮುಚ್ಚಿದ.

ತಂಗಿ ಎದ್ದು ಹೊರಟವಳು ಹೊಸ್ತಿಲಲ್ಲಿ ನಿಂತಳು. ಅವನು ತನ್ನ ಕಡೆ ನೋಡುವವರೆಗೂ ಕಾದು, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಬಾತುಗಳನ್ನ ನಾಳೆ ವಾಪಸ್ ತರ್ತೀನಿ. ತೊಟ್ಟಿ ಇದೇ ಕಿಟಕಿ ಕೆಳಗೆ. ಅವಾದ್ರೂ ಕೇಳ್ತವಲ್ಲ ನಿನಗೆ."

ಅಷ್ಟೂ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಬೇಡ ಅನ್ನಲು ಬಾಯಿ ತೆರೆದವನು, ಕಿಟಕಿಯಿಂದ ಕಿತ್ತಿದ್ದ ಹಲಗೆಯನ್ನೂ ಗೋಣಿಯನ್ನೂ ಎತ್ತಿ ಮೇಜಿನಡಿಗೆ ತಳ್ಳಿದ.