ಜ್ಯೋತೆಪ್ಪ ಹಣ್ಣಾಗ್ಲಿ ಅಂತ ಕಾದ ಮೋತಿಬಿಂದು

ಸಲಗರೆ ಊರಿನ ಜ್ಯೋತೆಪ್ಪ ಅಂದ್ರ ಕಂಬಳಿಗೆ ಹೆಸರಾದಂವ. ಮಿರಜಿಗೆ ಇನ್ನೂ ರಾಜರಿದ್ದ ಕಾಲದ ಮಾತಿದು. ಕುರಿ ಅವಂದ, ಮಗ್ಗ ಅವಂದ. ನೂಲೋದು, ಮಗ್ಗಕ್ಕ ಉದ್ದೆಳಿ ಹಾಸು ಹೂಡೋದು ಹೆಂಡತಿ ತಂಗೆವ್ವಂದು. ನನ್ನ ಬಾಣಂತನಕ್ಕ ಹೊಚ್ಚಿದ್ದೂ ಅವರ ಮನಿ ಕಂಬಳಿನ, ಅದಕ್ಕ ಹಚ್ಚಿದ ಹುಣಸಿಬೀಜದ ಗಂಜಿ ವಾಸನಿ ಇನ್ನೂ ಮೂಗಿನಾಗೈತಿ. ಇರ್ಲಿ, ಅದಲ್ಲ ಹೇಳೋದು.

ಒಂದಿನ ಮಗ್ಗದಾಗ ಕುಂತಾಂವ ಹೆಂಡತಿ ಮ್ಯಾಲ ಹರಿಹಾಯ್ದ. "ಏನ ಹೂಡೀಯ ಇದು? ನಡುವಿನ ಎಳಿ ಹಾವಿನಂಗ ಹೊಳ್ಳ್ಯಾವು. ತವರಮನ್ಯಾಗ ಇದನ್ನ ಕಲಿಸ್ಯಾರೇನ?"

ಆಕಿ ಬಗ್ಗಿ ನೋಡಿದ್ಲು. "ಎಳಿ ನೆಟ್ಟಗ ಅದಾವ್ರಿ. ನಿಮಗ ಚಿಲುಮಿ ತಲಿಗೇರೇತಿ."

ಚಿಲುಮಿ ಅಂದ್ರ ಅವಂಗ ಜೀವ. ತಮ್ಮ ಗುರಲಿಂಗನ ಜೋಡಿ ಸೇದಾಕ ಕುಂತ್ರ ಹೊಗಿಯೊಳಗ ಇಬ್ಬರ ಮಾರಿನೂ ಕಾಣ್ತಿದ್ದಿಲ್ಲ.

ಬರಬರ್ತಾ ಬಲಗಣ್ಣಿನ ನಟ್ಟನಡುವ ಮಬ್ಬು ಕುಂತ್ತು. ಕುರಿ ಕಿವಿ ಕಾಣ್ತಿತ್ತು, ಕಾಲು ಕಾಣ್ತಿತ್ತು, ಮಾರಿ ಇಲ್ಲ. ಊರ ಹಿರ್ಯಾರು, "ಮೋತಿಬಿಂದು ಬಿಡೋ, ಕಣ್ಣಿಗೆ ಪೊರಿ ಬಂದೈತಿ. ಹಣ್ಣಾಗಿ ಬೆಳ್ಳಗಾಗ್ಲಿ, ಕಾಯಿ ಇದ್ದಾಗ ಡಾಕ್ಟರ ಮುಟ್ಟಂಗಿಲ್ಲ" ಅಂದ್ರು. ಆಗೆಲ್ಲಾ ಹಂಗ ಇತ್ತವ್ವಾ. ಇಂವ ಕಾದ. ಎದ್ದ ಕೂಡ್ಲೆ ಕಣ್ಣ ಅಗಲಿಸಿ, "ತಂಗೆವ್ವಾ, ಬೆಳ್ಳಗಾಗೇತೇನ ನೋಡು" ಅಂತಿದ್ದ.

"ಇನ್ನೂ ಕರ್ರಗ ಐತ್ರಿ."

ವರ್ಷಗಟ್ಟಲೆ ಕಾದ. ಎಡಗಣ್ಣಿಗೂ ಎಳಿ ಡೊಂಕ ಕಾಣಾಕ ಹತ್ತಿದ ಮ್ಯಾಲ ಎದಿ ಒಡದು ಮಿರಜಿಗೆ ಗಾಡಿ ಹೂಡಿದ.

ಡಾಕ್ಟರ ಕಣ್ಣಿಗೆ ದೀಪ ಹಿಡದು ಭಾಳ ಹೊತ್ತು ನೋಡಿದ್ರು. "ಬಾಬಾ, ಇದು ಮೋತಿಬಿಂದು ಅಲ್ಲ. ಕಣ್ಣಿನ ಹಿಂದಿನ ಪರದೆ ವಯಸ್ಸಿಗೆ ಸವದೈತಿ. ಕೊಯ್ಯಾಕ ಏನೂ ಇಲ್ಲ."

"ಮೊದಲ ಬಂದಿದ್ರ, ಸಾಹೇಬ್ರ?"

"ಆಗ್ಲೂ ಔಷಧ ಇದ್ದಿಲ್ಲ. ಚಿಲುಮಿ ಬಿಡು ಅಂತಿದ್ದೆ. ಈಗೂ ಅದನ್ನ ಹೇಳ್ತೀನಿ. ಸೇದಾವರ ಕಣ್ಣ ಲಗೂ ಹೋಗೋದು ನಾ ನೋಡೇನಿ. ತೊಪ್ಪಲಪಲ್ಯ ತಿನ್ನು, ಎಡಗಣ್ಣು ನಾಕ ದಿನ ಹೆಚ್ಚಿಗಿ ಉಳದೀತು. ಒಡಹುಟ್ಟಿದವರ ಕಣ್ಣೂ ತೋರ್ಸು, ಇದು ಮನಿತನದಾಗ ಬರ್ತೈತಿ."

ಊರಿಗೆ ಬಂದ್ರ ಗುರಲಿಂಗ ಕಟ್ಟಿ ಮ್ಯಾಲ ಚಿಲುಮಿ ಹೊತ್ತಿಸ್ಕೊಂಡ ಕುಂತಿದ್ದ. "ಬಾರೋ ಅಣ್ಣಾ, ಯಾವಾಗ ಕೊಯ್ತಾರಂತ?"

ಜ್ಯೋತೆಪ್ಪ ಚಿಲುಮಿ ಇಸಗೊಂಡು ಕೆಂಡ ಮಣ್ಣಿಗೆ ಝಾಡಿಸಿದ. "ಕೊಯ್ಯಂಗಿಲ್ಲಂತ. ನೀನೂ ಬಿಡೋ. ನಮ್ಮ ರಕ್ತದಾಗೈತಂತ."

"ಹುಚ್ಚಾ, ಅಪ್ಪ ಸೇದಿ ಸೇದಿನ ಮುದುಕ ಆದ."

"ಆದ. ಕಡೀಕ ನಮ್ಮನ್ನ ದನಿ ಮ್ಯಾಲ ಗುರತ ಹಿಡೀತಿದ್ದ, ಮರತ್ಯಾ?"

ಗುರಲಿಂಗ ಖಾಲಿ ಚಿಲುಮಿ ಸೊಂಟಕ್ಕ ಸಿಗಿಸ್ಕೊಂಡು ತನ್ನ ಮನಿಗೆ ನಡದ. ಅಲ್ಲಿ ಮತ್ತ ಹೊಗಿ ಎದ್ದಿದ್ದು ತಂಗೆವ್ವ ನೋಡಿದ್ಲು, ಗಂಡಗ ಹೇಳ್ಲಿಲ್ಲ.

ಜ್ಯೋತೆಪ್ಪ ಮಾತ್ರ ಮತ್ತ ಸೇದ್ಲಿಲ್ಲ. ಎಡಗಣ್ಣಿನ ಅಂಚು ಉಳಕೊಂತು, ನಡುವಿಂದು ಹೋತು. ನೆಟ್ಟಗ ನೋಡಿದ್ದೆಲ್ಲಾ ಅಳಿಸಿ ಹೋಗ್ತಿತ್ತು, ಓರೆಗಿಂದಷ್ಟ ಕಾಣ್ತಿತ್ತು. ಒಂದ ಸಂಜಿ ತಂಗೆವ್ವ ರೊಟ್ಟಿ ನೀಡಿದ್ರ ಇಂವ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ದ.

"ಸಿಟ್ಟೇನ್ರಿ? ನನ್ನ ಕಡೆ ಒಂದ್ಸಲ ನೋಡಬಾರ್ದಾ?"

"ನಿನ್ನನ್ನ ನೋಡಾಕತ್ತೇನಿ," ಅಂದ ಜ್ಯೋತೆಪ್ಪ. "ಅಲ್ಲಾಡಬ್ಯಾಡ."